ಹಿಮನದಿಯಿಲ್ಲದ ಊರಿನ ಶಿಖರ

ಏಪ್ರಿಲ್ ಕಳೆಯುತ್ತ ಬಂದಂತೆ ಮಂಗಳೂರಿನ ಪತ್ರಿಕೆಗಳಲ್ಲಿ ಒಂದು ಸಣ್ಣ ಸುದ್ದಿ ಕಾಯಂ ಜಾಗ ಹಿಡಿಯುತ್ತದೆ. ನಗರಕ್ಕೆ ನೀರು ಕೊಡುವ ನೇತ್ರಾವತಿಯ ತುಂಬೆ ಅಣೆಕಟ್ಟಿನಲ್ಲಿ ಇವತ್ತು ಎಷ್ಟು ಮೀಟರ್ ನೀರಿದೆ? ಆರು ಮೀಟರ್ ಎಂದರೆ ನಗರ ನಿರಾಳ. ಅಲ್ಲಿಂದ ಇಳಿಯುತ್ತ ಹೋದ ಹಾಗೆ ಫ್ಲ್ಯಾಟುಗಳಲ್ಲಿ ಟ್ಯಾಂಕರ್ ನಂಬರು ಹುಡುಕುವುದು, ಹೋಟೆಲುಗಳಲ್ಲಿ ತಟ್ಟೆಯ ಮೇಲೆ ಬಾಳೆಲೆ ಹಾಸುವುದು, ಹಾಸ್ಟೆಲುಗಳಲ್ಲಿ ಮಕ್ಕಳನ್ನು ಊರಿಗೆ ಕಳಿಸುವ ಮಾತು ಶುರುವಾಗುತ್ತದೆ. 2016ರ ಮೇ ತಿಂಗಳನ್ನು ಮಂಗಳೂರಿಗರು ಇನ್ನೂ ಮರೆತಿಲ್ಲ. 2019ರಲ್ಲಿ, 2023ರಲ್ಲಿ ಮತ್ತೆ ಅದೇ ಗತಿ, ಪಾಳಿಯ ಮೇಲೆ ನೀರು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿದು.

ಅದೇ ಹೊತ್ತಿಗೆ ಊರಿನ ಚಾರಣದ ಹುಡುಗ ಹುಡುಗಿಯರು ರೈಲು, ವಿಮಾನ ಹತ್ತಿ ಉತ್ತರಕ್ಕೆ ಹೊರಡುತ್ತಾರೆ. ಸ್ವಲ್ಪ ದಿನದಲ್ಲೇ ವಾಟ್ಸ್ಆ್ಯಪ್ ಸ್ಟೇಟಸ್‌ಗಳಲ್ಲಿ ಹಿಮಾಲಯದ ಸರೋವರಗಳು ಕಾಣಿಸಿಕೊಳ್ಳುತ್ತವೆ: ಹಸಿರಿಗೂ ನೀಲಿಗೂ ನಡುವಿನ ಬಣ್ಣದ ನೀರು, ಹಿಂದೆ ಬಿಳಿ ಗೋಡೆಯ ಹಾಗೆ ನಿಂತ ಹಿಮ. ನೋಡಬೇಕಾದದ್ದೇ, ಹೋಗಬೇಕಾದದ್ದೇ. ಆದರೆ ನಮ್ಮ ನಲ್ಲಿಗೆ ನೀರು ಕೊಡುವ ಕುದುರೆಮುಖದ ಬೆಟ್ಟಕ್ಕೂ ಒಂದು ದಿನದ ಕಠಿಣ ಚಾರಣವಿದೆ. ಅಲ್ಲಿ ಸರೋವರ ಕಾಣಿಸುವುದಿಲ್ಲ, ಏಕೆಂದರೆ ಅಲ್ಲಿನ ನೀರಿನ ದಾಸ್ತಾನು ಮಣ್ಣಿನೊಳಗಿದೆ. ಬೇಸಿಗೆಯಲ್ಲಿ ತುಂಬೆಯ ಮಟ್ಟ ಓದುವವರೆಲ್ಲ ಒಮ್ಮೆಯಾದರೂ ಆ ದಾಸ್ತಾನಿನ ಮೇಲೆ ನಡೆದು ಬರಬೇಕು ಎಂಬುದು ನನ್ನ ಆಸೆ.

ಮೊದಲು ಹಿಮಾಲಯದ ಲೆಕ್ಕ ನೋಡೋಣ. ಒಂದೇ ದಿನದಲ್ಲಿ ಹತ್ತಿ ಇಳಿಯುವ ಹಿಮ ಸರೋವರಗಳಲ್ಲಿ ಉತ್ತರಾಖಂಡದ ಹೇಮಕುಂಡದ ಹೆಸರು ದೊಡ್ಡದು. ಘಾಂಘರಿಯಾ ಎಂಬ ಹಳ್ಳಿಯಿಂದ ಸುಮಾರು 6 ಕಿ.ಮೀ. ದಾರಿ. ಆದರೆ ಆ ಆರು ಕಿಲೋಮೀಟರಿನಲ್ಲಿ 3,000 ಮೀಟರ್ ಎತ್ತರದಿಂದ 4,300 ಮೀಟರ್ ದಾಟಿ ಹೋಗಬೇಕು. ಸಮುದ್ರಮಟ್ಟದಲ್ಲಿ ಹುಟ್ಟಿ ಬೆಳೆದ ನಮ್ಮಂಥವರಿಗೆ ಕಾಲಿಗಿಂತ ಮೊದಲು ಉಸಿರು ಸೋಲುತ್ತದೆ. ಅಂಥ ಕಡೆ ಸರೋವರ ಆಗುವ ಬಗೆ ಸರಳವಾದದ್ದು. ಹಿಮನದಿ ನಿಧಾನವಾಗಿ ಜಾರುತ್ತ ತನ್ನಡಿಯ ಬಂಡೆಯನ್ನು ಕೊರೆಯುತ್ತದೆ, ಕೊರೆದ ಕಲ್ಲುಮಣ್ಣನ್ನು ಮುಂದೆ ತಳ್ಳಿ ದಿಬ್ಬ ಹಾಕುತ್ತದೆ. ಮುಂದೊಂದು ಕಾಲಕ್ಕೆ ಹಿಮ ಹಿಂದೆ ಸರಿದಾಗ ಕೊರೆದ ಗುಂಡಿ ಬಟ್ಟಲಾಗುತ್ತದೆ, ದಿಬ್ಬ ಒಡ್ಡಾಗುತ್ತದೆ, ಕರಗಿದ ನೀರು ತುಂಬುತ್ತದೆ. ಬಂಡೆ ಅರೆದು ಆದ ನುಣುಪು ಹುಡಿ ಆ ನೀರಿನಲ್ಲಿ ತೇಲುತ್ತ ಬೆಳಕನ್ನು ಚದುರಿಸುವುದರಿಂದ ಎಷ್ಟೋ ಹಿಮ ಸರೋವರಗಳಿಗೆ ಆ ವಿಚಿತ್ರ ಬಣ್ಣ.

ನಮ್ಮ ಪಶ್ಚಿಮ ಘಟ್ಟಕ್ಕೆ ಈ ಯೋಗವಿರಲಿಲ್ಲ. ಕಳೆದ ಹಿಮಯುಗ ಉಚ್ಛ್ರಾಯದಲ್ಲಿದ್ದ ಸುಮಾರು 20,000 ವರ್ಷಗಳ ಹಿಂದೆಯೂ ಇಲ್ಲಿ ಹಿಮನದಿ ಹರಿಯಲಿಲ್ಲ. ಆಗ ಜಗತ್ತಿನ ನೀರು ಅಷ್ಟೊಂದು ಹಿಮವಾಗಿ ಕಟ್ಟಿಕೊಂಡಿದ್ದರಿಂದ ಸಮುದ್ರ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಅಂದರೆ ನೇತ್ರಾವತಿ ಇವತ್ತಿನ ಉಳ್ಳಾಲ, ಬೆಂಗ್ರೆಯ ಅಳಿವೆಯಲ್ಲಿ ನಿಲ್ಲದೆ, ಈಗ ಬೋಟುಗಳು ಮೀನು ಹಿಡಿಯುವ ಜಾಗದ ಮೇಲೆ ಹತ್ತಾರು ಕಿಲೋಮೀಟರ್ ಪಶ್ಚಿಮಕ್ಕೆ ಹರಿದು ಕಡಲು ಸೇರುತ್ತಿತ್ತು. ಹಿಮಯುಗ ನಮ್ಮ ಕಡಲನ್ನು ಮುಟ್ಟಿತು, ಬೆಟ್ಟವನ್ನು ಕೊರೆಯಲಿಲ್ಲ. ನಮ್ಮ ಬೆಟ್ಟ ಕೊರೆದದ್ದು ಮಳೆ. ಮಳೆ ಬಟ್ಟಲು ಮಾಡುವುದಿಲ್ಲ. ತಗ್ಗು ಸಿಕ್ಕಿದರೆ ಒಂದು ಬದಿ ಒಡೆದು ಹೊಳೆಯಾಗಿ ಇಳಿದುಬಿಡುತ್ತದೆ. ಹಾಗಾಗಿ ಘಟ್ಟದ ನೆತ್ತಿಯಲ್ಲಿ ಸ್ವಾಭಾವಿಕ ಸರೋವರ ತೀರ ಅಪರೂಪ. ಊಟಿಯ ಸರೋವರ, ಕೊಡೈಕೆನಾಲಿನ ಸರೋವರ ಎರಡೂ ಬ್ರಿಟಿಷ್ ಅಧಿಕಾರಿಗಳ ಕಾಲದಲ್ಲಿ ಒಡ್ಡು ಹಾಕಿ ಕಟ್ಟಿಸಿದವು.

ಹಾಗಾದರೆ ಜೂನ್‌ನಿಂದ ಸೆಪ್ಟೆಂಬರಿನೊಳಗೆ ಮುಕ್ಕಾಲಿಗೂ ಹೆಚ್ಚು ಮಳೆ ಸುರಿದು ಮುಗಿಸುವ ಈ ಸೀಮೆಯಲ್ಲಿ ಜನವರಿಯಲ್ಲಿ ನೇತ್ರಾವತಿ ಯಾಕೆ ಹರಿಯುತ್ತದೆ? ಉತ್ತರ ಕುದುರೆಮುಖದ ದಾರಿಯಲ್ಲಿ, ಕೈಗೆ ಸಿಗುವ ಹಾಗೆ ಇದೆ.

ಮಂಗಳೂರಿನಿಂದ ಮೂಡುಬಿದಿರೆ, ಕಾರ್ಕಳ, ಬಜಗೋಳಿ, ಮಾಳ. ಅಲ್ಲಿಂದ ಘಾಟಿ ಏರಿ ಎಸ್.ಕೆ. ಬಾರ್ಡರ್‌ನಲ್ಲಿ ಕುದುರೆಮುಖದ ಕಡೆ ತಿರುಗಿದರೆ ಕಳಸದ ದಾರಿಯಲ್ಲಿ ಬಾಳೆಗಲ್ ಸಿಗುತ್ತದೆ. ಬಾಳೆಗಲ್ಲಿನಿಂದ ಮುಳ್ಳೋಡಿ ಎಂಬ ಹಳ್ಳಿಗೆ ಜೀಪು. ಆ ಜೀಪಿನ ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೂತವರ ಬೆನ್ನಿಗೆ ಗೊತ್ತು. ಶಿಖರದ ಮೇಲೆ ಟೆಂಟು ಹಾಕಿ ಉಳಿಯಲು ಅನುಮತಿಯಿಲ್ಲವಾದ್ದರಿಂದ ಹಿಂದಿನ ಸಂಜೆಯೇ ಹೋಗಿ ಯಾವುದಾದರೂ ಹೋಂಸ್ಟೇಯಲ್ಲಿ ಮಲಗಿ, ಬೆಳಕು ಹರಿಯುವಾಗ ನಡೆಯಲು ತೊಡಗುವುದು ರೂಢಿ. ಹೋಗಿ ಬರಲು ಸುಮಾರು 20 ಕಿ.ಮೀ. ಶಿಖರದ ಎತ್ತರ ಸುಮಾರು 1,890 ಮೀಟರ್, ಹಳೆಯ ದಾಖಲೆಗಳಲ್ಲಿ 6,215 ಅಡಿ. ಹಿಮಾಲಯದ ಲೆಕ್ಕದಲ್ಲಿ ಇದು ಏನೂ ಅಲ್ಲ. ಉಸಿರಿಗೆ ಇಲ್ಲಿ ತೊಂದರೆಯಿಲ್ಲ. ಆದರೆ ಸಾವಿರ ಮೀಟರಿಗೆ ಹತ್ತಿರದ ಏರನ್ನು ಬೆಳಗ್ಗೆ ಹತ್ತಿ, ಸಂಜೆಯೊಳಗೆ ಇಳಿದು ಚೆಕ್‌ಪೋಸ್ಟಿಗೆ ವರದಿ ಮಾಡಬೇಕು ಎಂದಾಗ ಮೊಣಕಾಲಿಗೆ ಲೆಕ್ಕ ತಪ್ಪುವುದಿಲ್ಲ. ಜೊತೆಗೆ ಮಳೆ ನಿಂತ ಹೊಸತರಲ್ಲಿ ಇಂಬಳದ ಕಾಟ.

ಮುಳ್ಳೋಡಿಯಲ್ಲಿ ಅರಣ್ಯ ಇಲಾಖೆಯವರು ಚೀಲ ಬಿಡಿಸಿ ಪ್ಲಾಸ್ಟಿಕ್ ನೋಡುತ್ತಾರೆ. ಜೊತೆಗೆ ಬರುವ ಗೈಡುಗಳು ಸ್ಥಳೀಯರು. ನಮ್ಮ ಜೊತೆಗಿದ್ದವರು ಎರಡೆರಡು ಲೀಟರ್ ನೀರು ಹೊತ್ತ ನಮ್ಮ ಚೀಲಗಳನ್ನು ನೋಡಿ, “ಇಷ್ಟೆಲ್ಲ ಹೊರೋದು ಬೇಡ ಸರ್, ಒಂದು ಬಾಟ್ಲಿ ಸಾಕು. ದಾರೀಲಿ ಹಳ್ಳ ಇದೆ, ಕುದುರೆಮುಖದಲ್ಲಿ ನೀರಿಗೆ ಬರ ಇಲ್ಲ ಮಾರಾಯ್ರೆ” ಎಂದರು. ಅವರು ಸಹಜವಾಗಿ ಆಡಿದ ಮಾತೇ ಈ ಇಡೀ ಚಾರಣದ ಸಾರ. ಹಾದಿ ಹುಲ್ಲುಗಾವಲಿನಲ್ಲಿ ಬಿಸಿಲಿಗೆ ಬೀಳುತ್ತದೆ, ತುಸು ಹೊತ್ತಿಗೆ ಕಣಿವೆಯ ಮಡಿಲಲ್ಲಿರುವ ಶೋಲಾ ಕಾಡಿನ ಕತ್ತಲೆಗೆ ಇಳಿಯುತ್ತದೆ, ಅಲ್ಲೊಂದು ಹಳ್ಳ ದಾಟುತ್ತದೆ, ಮತ್ತೆ ಹುಲ್ಲು. ಒಂಟಿಮರ ಎಂದೇ ಹೆಸರಾದ ಮರದ ಹತ್ತಿರ ಎಲ್ಲರೂ ಕೂರುತ್ತಾರೆ. ಅಲ್ಲಿಂದ ಮೇಲೆ ದಿಬ್ಬದ ಬೆನ್ನಿನ ಮೇಲೆ ನಡಿಗೆ. ಶಿಖರದ ಕೊನೆಯ ಏರಿಗೆ ಮೊದಲು ಇನ್ನೊಂದು ಶೋಲಾ, ಅದರೊಳಗೊಂದು ಹಳ್ಳ. ನೆತ್ತಿಗೆ ಅಷ್ಟು ಹತ್ತಿರವಿದ್ದೂ ಅದರಲ್ಲಿ ನೀರಿದೆ. ಅದರ ಮೇಲೆ ಮಳೆ ಹಿಡಿಯುವ ಜಾಗ ಇರುವುದೇ ಸ್ವಲ್ಪ. ಹಿಮವಿಲ್ಲ, ಕೆರೆಯಿಲ್ಲ. ವಾರಗಟ್ಟಲೆ ಮಳೆ ಬಿದ್ದಿಲ್ಲ. ಆದರೂ ಹರಿಯುತ್ತಿದೆ.

ಆ ಹಳ್ಳದ ಪಕ್ಕ ಕಾಲುದಾರಿ ದರೆಯನ್ನು ಕಡಿದುಕೊಂಡು ಹೋಗಿದೆ. ಒಂದೂವರೆ ಅಡಿ ಎತ್ತರದ ಆ ಕಡಿತದಲ್ಲಿ ಮಣ್ಣಿನ ಪದರಗಳು ಸ್ಪಷ್ಟ ಕಾಣುತ್ತವೆ. ಮೇಲೆ ಅರ್ಧ ಕೊಳೆತ ಎಲೆ. ಅದರ ಕೆಳಗೆ ಮಸಿಯಂಥ ಕಪ್ಪು ಮಣ್ಣು, ಅದರ ತುಂಬ ಕೂದಲೆಳೆಯ ಬೇರು. ಬೆರಳಿನಿಂದ ಒತ್ತಿದರೆ ತೆಂಗಿನ ನಾರಿನ ಹಾಸಿಗೆಯ ಹಾಗೆ ತಗ್ಗಿ, ಬಿಟ್ಟರೆ ಮತ್ತೆ ಉಬ್ಬುತ್ತದೆ. ಅದರ ಕೆಳಗೆ ಕೆಂಪು ಮಣ್ಣು, ಗಟ್ಟಿ. ಕಪ್ಪು ಮುಗಿದು ಕೆಂಪು ಶುರುವಾಗುವ ಗೆರೆಯುದ್ದಕ್ಕೂ ನೀರು ಹನಿಗಟ್ಟಿ ನಿಂತಿತ್ತು. ಒಂದು ಹನಿ ದಪ್ಪವಾಗಿ, ಬೇರಿನ ತುದಿಗೆ ಬಂದು, ಕೆಳಗಿನ ಎಲೆಯ ಮೇಲೆ ಬೀಳುತ್ತದೆ. ಅದರ ಜಾಗಕ್ಕೆ ಇನ್ನೊಂದು. ಗೆರೆಯ ಕೆಳಗೆ ಅಂಗೈ ಹಿಡಿದೆ. ಬೊಗಸೆ ತುಂಬಲು ಸಾಕಷ್ಟು ಹೊತ್ತು ಬೇಕಾಯಿತು, ಆದರೆ ತುಂಬಿತು.

ಕುದುರೆಮುಖದ ಮೇಲೆ ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ ಬೀಳುತ್ತದೆ, ಮಂಗಳೂರಿನ ಹೆಚ್ಚುಕಡಿಮೆ ಎರಡರಷ್ಟು. ಆ ಹೊಡೆತ ನೇರ ಮಣ್ಣಿಗೆ ಬಿದ್ದರೆ ಬೆಟ್ಟ ಉಳಿಯುತ್ತಿರಲಿಲ್ಲ. ಹುಲ್ಲು ಮೊದಲು ಹನಿಯ ರಭಸ ಮುರಿಯುತ್ತದೆ. ಬೇರು, ಎರೆಹುಳ, ಗೆದ್ದಲು ಕೊರೆದ ಸಂದುಗಳಲ್ಲಿ ನೀರು ಒಳಗಿಳಿಯುತ್ತದೆ. ಕಣಿವೆಯ ಶೋಲಾ ಮರಗಳು ಗಿಡ್ಡ, ಗಂಟುಗಂಟು, ಮೈಯೆಲ್ಲ ಪಾಚಿ. ಮಳೆಯಿಲ್ಲದ ದಿನವೂ ಮಂಜು ಹಾಯ್ದಾಗ ಆ ಪಾಚಿ ತೇವ ಹಿಡಿದು ತೊಟ್ಟಿಕ್ಕುತ್ತದೆ. ಒಳಗಿಳಿದ ನೀರು ಕಪ್ಪು ಮಣ್ಣಿನಲ್ಲಿ, ಅದರಡಿಯ ಶಿಥಿಲ ಬಂಡೆಯ ಬಿರುಕುಗಳಲ್ಲಿ ನಿಂತು ತಿಂಗಳುಗಟ್ಟಲೆ ಒರತೆಯಾಗಿ ಹೊರಬರುತ್ತದೆ. ಪಶ್ಚಿಮ ಘಟ್ಟದ ಮಣ್ಣಿನಲ್ಲಿ ನೀರು ಇಂಗುವ ವೇಗವನ್ನು ವಿಜ್ಞಾನಿ ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರು ವರ್ಷಗಳ ಕಾಲ ಅಳೆದಿದ್ದಾರೆ. ಕಾಡು ಹಾಳಾಗಿ, ತುಳಿತಕ್ಕೆ ಸಿಕ್ಕಿ ನೆಲ ಗಟ್ಟಿಯಾದ ಕಡೆ ಇಂಗುವುದು ಕಡಿಮೆಯಾಗಿ ನೆಲದ ಮೇಲೆಯೇ ಹರಿದು ಹೋಗುವ ನೀರು ಹೆಚ್ಚುತ್ತದೆ ಎಂಬುದು ಅವರ ಅಳತೆಗಳಿಂದ ತಿಳಿದ ಸಂಗತಿ.

ಹುಲ್ಲಿನ ಮಾತು ಬಂದಾಗ ನನಗೆ ಸಂಕಟವಾಗುತ್ತದೆ. ಮರವಿಲ್ಲದ ಗುಡ್ಡ ಕಂಡರೆ ಅದನ್ನು ಬೋಳು ಎಂದು, ಪಾಳು ಎಂದು ತೀರ್ಮಾನಿಸಿ ಅಕೇಶಿಯಾ ನೆಟ್ಟ ಕಾಲವೊಂದಿತ್ತು. ಕರಾವಳಿ, ಮಲೆನಾಡಿನ ಎಷ್ಟು ಗುಡ್ಡಗಳು ಹಾಗೆ ಹಸಿರು ತೋಪುಗಳಾಗಿ ನೀರು ಕಳೆದುಕೊಂಡವು! ಕುದುರೆಮುಖದ ಹುಲ್ಲುಗಾವಲು ಕಾಡು ಕಡಿದ ಮೇಲೆ ಉಳಿದ ಖಾಲಿ ಜಾಗವಲ್ಲ. ಗಾಳಿ, ತೆಳು ಮಣ್ಣು, ಮಳೆ ಎಲ್ಲಕ್ಕೂ ಹೊಂದಿಕೊಂಡು ತಾನೇ ನೆಲೆನಿಂತ ಸಸ್ಯಲೋಕ ಅದು. ಶೋಲಾ ಮತ್ತು ಹುಲ್ಲು ಒಂದೇ ಸಂಸಾರ.

ಹಿಮನದಿಗೂ ನಮ್ಮ ಬೆಟ್ಟಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ, ಅದನ್ನು ಮಂಗಳೂರಿನವರು ಗಮನಿಸಬೇಕು. ಬೇಸಿಗೆ ಏರಿದಷ್ಟೂ ಹಿಮ ಹೆಚ್ಚು ಕರಗುತ್ತದೆ, ಹಿಮಾಲಯದ ನದಿ ಬಿಸಿಲಿಗೆ ತುಂಬಿಕೊಳ್ಳುತ್ತದೆ. ನಮ್ಮ ಬೆಟ್ಟದ ದಾಸ್ತಾನು ಅಕ್ಟೋಬರಿನಲ್ಲಿ ಗರಿಷ್ಠ, ಅಲ್ಲಿಂದಾಚೆ ದಿನದಿನಕ್ಕೆ ಕಡಿಮೆ. ಬಾಯಾರಿಕೆ ಹೆಚ್ಚುವ ಮೇ ತಿಂಗಳಲ್ಲೇ ಅದು ಕನಿಷ್ಠ. ಹಾಗಾಗಿ ಮೇ ತಿಂಗಳಲ್ಲಿ ತುಂಬೆಯ ಗೇಟಿನ ಎತ್ತರ ಚರ್ಚಿಸಿದರೆ ಅರ್ಧ ಮಾತು ಮಾತ್ರ ಆಡಿದ ಹಾಗೆ. ಜೂನ್, ಜುಲೈಯಲ್ಲಿ ಬೆಟ್ಟದೊಳಗೆ ಎಷ್ಟು ಇಂಗಿತು ಎಂಬುದು ಉಳಿದರ್ಧ.

ಹಿಮನದಿ ಇದ್ದ ಮಾತ್ರಕ್ಕೆ ನೀರಿನ ಚಿಂತೆ ತೀರುತ್ತದೆ ಎಂದಲ್ಲ. ಲಡಾಖಿನಲ್ಲಿ ಹಿಮನದಿಗಳು ತೀರ ಎತ್ತರದಲ್ಲಿವೆ. ಅವು ಕರಗಿ ನೀರು ಬರುವ ಹೊತ್ತಿಗೆ ಬಿತ್ತನೆಯ ಕಾಲ ಮೀರಿರುತ್ತದೆ. ಚೆವಾಂಗ್ ನೊರ್ಫೆಲ್ ಎಂಬ ಸಿವಿಲ್ ಎಂಜಿನಿಯರ್ ಚಳಿಗಾಲದಲ್ಲಿ ವ್ಯರ್ಥ ಹರಿಯುವ ತೊರೆಗಳನ್ನು ಹಳ್ಳಿಗಳ ಹತ್ತಿರಕ್ಕೆ ತಿರುಗಿಸಿ, ಸಣ್ಣ ಸಣ್ಣ ಒಡ್ಡುಗಳ ಹಿಂದೆ ನಿಲ್ಲಿಸಿ ಹೆಪ್ಪುಗಟ್ಟಿಸಿದರು. ಕಡಿಮೆ ಎತ್ತರದ ಆ ಹಿಮ ಬಿತ್ತನೆಗೆ ಸರಿಯಾಗಿ ಕರಗುತ್ತದೆ. 2015ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮ ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರಿಗೆ ಪದ್ಮಶ್ರೀ ಬಂದದ್ದು 2022ರಲ್ಲಿ. ಕೂಲಿ ಕೆಲಸ ಮಾಡುತ್ತಿದ್ದ ಅವರು ಒಣಗುಡ್ಡದ ಪಾಲು ಪಡೆದು, ಒಬ್ಬರೇ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದರು. ಹಲವು ಸುರಂಗಗಳಲ್ಲಿ ನೀರು ಸಿಗದೆ ವರ್ಷಗಳು ಕಳೆದರೂ ಬಿಡಲಿಲ್ಲ. ಕೊನೆಗೆ ನೀರು ಬಂತು, ಅಡಿಕೆ, ತೆಂಗು ಬಂತು. ಅಡ್ಯನಡ್ಕ, ಪೆರ್ಲ, ಪಡ್ರೆ ಸೀಮೆಯಲ್ಲಿ ಕಾಸರಗೋಡಿನವರೆಗೂ ಸುರಂಗ ಕೊರೆಯುವುದು ತಲೆಮಾರುಗಳಿಂದ ಬಂದ ವಿದ್ಯೆ. ಮುರಕಲ್ಲಿನ ಗುಡ್ಡದೊಳಗೆ ಅಡ್ಡಡ್ಡ ಹೋದರೆ ಪಂಪಿಲ್ಲದೆ ನೀರು ತಾನಾಗಿ ಹರಿದು ಬರುತ್ತದೆ. ಗುಡ್ಡವೇ ಟ್ಯಾಂಕಿ ಎಂಬುದನ್ನು ತಿಳಿದವರು ಮಾತ್ರ ಅಂಥ ಕೆಲಸಕ್ಕೆ ಕೈ ಹಾಕುತ್ತಾರೆ. ಒಬ್ಬರು ನೀರನ್ನು ಹಿಮ ಮಾಡಿದರು, ಇನ್ನೊಬ್ಬರು ಗುಡ್ಡದ ಒಳಗಿನ ನೀರಿಗೆ ದಾರಿ ಬಿಡಿಸಿದರು. ಇಬ್ಬರದೂ ದೊಡ್ಡ ಬದುಕು.

ಮತ್ತೆ ಶಿಖರಕ್ಕೆ. ಮುಳ್ಳೋಡಿಯಿಂದ ಹತ್ತುವಾಗ ನಾವು ದಾಟುವ ಹಳ್ಳಗಳು ನಮ್ಮವಲ್ಲ. ಅವು ಪೂರ್ವಕ್ಕೆ ಇಳಿದು ಭದ್ರೆ ಸೇರುತ್ತವೆ, ತುಂಗಭದ್ರೆಯಾಗಿ, ಕೃಷ್ಣೆಯಾಗಿ ಬಂಗಾಳ ಕೊಲ್ಲಿಗೆ ಹೋಗುತ್ತವೆ. ನಮ್ಮ ಕಡೆಯ ನೀರು ಕಾಣುವುದು ನೆತ್ತಿ ತಲುಪಿ ಪಶ್ಚಿಮದ ಅಂಚಿಗೆ ನಿಂತಾಗ. ಅಲ್ಲಿ ನೆಲ ಒಮ್ಮೆಲೇ ಮುಗಿದು ಬೆಳ್ತಂಗಡಿ ತಾಲೂಕು ಸಾವಿರಾರು ಅಡಿ ಕೆಳಗೆ ಬಿದ್ದಿರುತ್ತದೆ: ಕಾಡು, ಅಡಿಕೆ ತೋಟ, ಮಂಜಿಲ್ಲದಿದ್ದರೆ ದೂರದಲ್ಲಿ ಕಡಲಿನ ಹೊಳಪು. ಹಾಯಿ ಹಡಗಿನ ಕಾಲದ ನಾವಿಕರು ಸಮುದ್ರದಿಂದ ಈ ಶಿಖರವನ್ನೇ ಗುರುತು ಹಿಡಿಯುತ್ತಿದ್ದರು. ಈ ಬೆಟ್ಟಸಾಲಿನ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುತ್ತವೆ ಎಂಬುದು ಜನರ ನಂಬಿಕೆ. ನೇತ್ರಾವತಿಯ ಮೂಲವನ್ನು ಎಳನೀರು ಘಾಟಿಯ ಬಂಗ್ರಬಲಿಗೆ ಕಣಿವೆಯಲ್ಲಿ ಗುರುತಿಸುತ್ತಾರೆ. ಪಶ್ಚಿಮದ ಇಳಿಜಾರಿನ ತೋಡುಗಳು ಒಂದೊಂದಾಗಿ ಕೂಡಿ ಧರ್ಮಸ್ಥಳ ದಾಟಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಸೇರಿಸಿಕೊಂಡು, ಬಂಟ್ವಾಳ ಕಳೆದು ತುಂಬೆಗೆ ಬರುತ್ತವೆ. ಅಲ್ಲಿಂದ ದಿನಕ್ಕೆ ಸುಮಾರು 16 ಕೋಟಿ ಲೀಟರ್ ನಗರಕ್ಕೆ.

ಇಳಿದು ಬರುವಾಗ ಕುದುರೆಮುಖ ಪಟ್ಟಣದ ಬಳಿ ಒಂದು ಸರೋವರವೂ ಇದೆ. ಲಖ್ಯಾ ಅಣೆಕಟ್ಟು, ಸುಮಾರು 100 ಮೀಟರ್ ಎತ್ತರದ್ದು. ಅದರ ಹಿಂದೆ ತುಂಬಿಕೊಂಡಿರುವುದು ಕಬ್ಬಿಣದ ಅದಿರು ಬೇರ್ಪಡಿಸಿದ ಮೇಲೆ ಉಳಿದ ಹುಡಿ ಮಣ್ಣು. ಹಿಮನದಿ ಬಂಡೆ ಅರೆದು ಮಾಡಿದ ಹುಡಿ ಹಿಮಾಲಯದ ಸರೋವರಕ್ಕೆ ಬಣ್ಣ ಕೊಡುತ್ತದೆ, ಇಲ್ಲಿ ಬಂಡೆ ಅರೆದದ್ದು ಯಂತ್ರ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಈ ಬೆಟ್ಟದ ಮ್ಯಾಗ್ನಟೈಟ್ ತೆಗೆದು, ನೀರಿನಲ್ಲಿ ಕಲಸಿ, 67 ಕಿ.ಮೀ. ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಕಳಿಸುತ್ತಿತ್ತು. ಇರಾನಿನ ಷಾ ಸರ್ಕಾರದ ಹಣ, ಬೇಡಿಕೆ ನಂಬಿ ಶುರುವಾದ ಯೋಜನೆ. 1979ರ ಕ್ರಾಂತಿಯ ನಂತರ ಬೇರೆ ಗಿರಾಕಿಗಳನ್ನು ಹುಡುಕಬೇಕಾಯಿತು. ನೂರಾರು ಕುಟುಂಬಗಳಿಗೆ ಅದು ಅನ್ನ ಕೊಟ್ಟಿತು, ಮಂಗಳೂರಿಗೆ ಬಂದರಿನ ವ್ಯಾಪಾರ ಕೊಟ್ಟಿತು. ಅದನ್ನು ಮರೆಯುವುದು ನ್ಯಾಯವಲ್ಲ. ಆದರೆ ಮಳೆಗಾಲದಲ್ಲಿ ಗಣಿಯ ಮಣ್ಣು ಭದ್ರೆಯಲ್ಲಿ ಇಳಿಯುತ್ತಿತ್ತು. ಪುತ್ತೂರಿನ ನೆಲದವರೇ ಆದ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದಲ್ಲಿ ಸಿಂಗಳೀಕಗಳ ಸಮೀಕ್ಷೆ ನಡೆಸಿ ಈ ಕಾಡಿನ ಬೆಲೆ ತೋರಿಸಿದರು. 1987ರಲ್ಲಿ 600 ಚದರ ಕಿ.ಮೀ. ರಾಷ್ಟ್ರೀಯ ಉದ್ಯಾನದ ಘೋಷಣೆಯಾಯಿತು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಗಣಿ ಶಿಖರದ ಕಡೆಗೂ ಬೆಳೆದಿದ್ದರೆ ಇವತ್ತು ಹತ್ತಲು ಹುಲ್ಲು ಎಲ್ಲಿರುತ್ತಿತ್ತು?

ಬೆಟ್ಟ ಹಿಡಿದಿಟ್ಟ ನೀರು ಕೈತಪ್ಪಿದರೆ ಏನಾಗುತ್ತದೆ ಎಂಬುದನ್ನು ಎರಡೂ ಕಡೆ ಕಂಡಿದ್ದೇವೆ. 2023ರ ಅಕ್ಟೋಬರ್ ಮೊದಲ ವಾರದಲ್ಲಿ ಸಿಕ್ಕಿಮಿನ ದಕ್ಷಿಣ ಲ್ಹೊನಾಕ್ ಎಂಬ ಹಿಮ ಸರೋವರ ಒಡೆದು ತೀಸ್ತಾ ನದಿ ಚುಂಗ್‌ಥಾಂಗ್‌ನ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋಯಿತು. ಅದಕ್ಕೆ ಮೊದಲು, 2019ರ ಆಗಸ್ಟಿನಲ್ಲಿ ನಮ್ಮ ಚಾರ್ಮಾಡಿಯ ಗುಡ್ಡಗಳು ಕುಸಿದು, ಬೆಳ್ತಂಗಡಿಯ ಹೊಳೆಗಳು ಮರ, ಬಂಡೆ, ಕೆಸರು ಹೊತ್ತು ತೋಟಗಳ ಮೇಲೆ ನುಗ್ಗಿದವು. ಮಣ್ಣು ಹೀರುವ ಶಕ್ತಿಗೂ ಮಿತಿಯಿದೆ. ಕೆಲವೇ ಗಂಟೆಗಳಲ್ಲಿ ಆ ಮಿತಿ ಮೀರಿ ಮಳೆ ಬಿದ್ದರೆ ನೀರು ತುಂಬಿ ಭಾರವಾದ ಇಳಿಜಾರು ಜಾರುತ್ತದೆ. ಇಳಿಜಾರಿನ ಬುಡ ಕಡಿದು ರಸ್ತೆ, ರೆಸಾರ್ಟ್ ಮಾಡಿದ ಕಡೆ ಇನ್ನೂ ಬೇಗ. ಬೇಸಿಗೆಯ ಕಾಡ್ಗಿಚ್ಚು ಹುಲ್ಲಿನ ಹೊದಿಕೆ ಸುಟ್ಟರೆ ಮುಂದಿನ ಮಳೆ ಬರಿ ಮಣ್ಣಿಗೇ ಬೀಳುತ್ತದೆ.

ಇನ್ನು ನಮ್ಮ ಕಾಲುಗಳ ಭಾರ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಸುಬ್ರಹ್ಮಣ್ಯದ ಕುಮಾರ ಪರ್ವತಕ್ಕೆ ಒಮ್ಮೆಲೇ ಸಾವಿರಾರು ಜನ ನುಗ್ಗಿ, ಹಾದಿಯಲ್ಲಿ ಕಾಲಿಡಲು ಜಾಗವಿಲ್ಲದ ಚಿತ್ರಗಳು ಹರಿದಾಡಿದವು. ಆಮೇಲೆ ಸರ್ಕಾರ ಚಾರಣಗಳನ್ನು ತಡೆದು ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು. ಕುದುರೆಮುಖಕ್ಕೂ ಈಗ ಅರಣ್ಯ ಇಲಾಖೆಯ ತಾಣದಲ್ಲಿ ಮೊದಲೇ ಕಾಯ್ದಿರಿಸಬೇಕು, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ. ಇದನ್ನು ಕಿರಿಕಿರಿ ಎನ್ನುವವರ ಜೊತೆ ನಾನಿಲ್ಲ. ಆ ಕಪ್ಪು ಮಣ್ಣಿನ ಮೇಲೆ ಹಾದಿ ಅಗಲವಾದಷ್ಟೂ ನೀರು ಇಂಗುವ ನೆಲ ಕಡಿಮೆಯಾಗುತ್ತದೆ. ಕೆಸರು ತಪ್ಪಿಸಲು ಹುಲ್ಲಿನ ಮೇಲೆ ಹೊಸ ಜಾಡು ತುಳಿಯದೆ ಇದ್ದ ಹಾದಿಯ ಕೆಸರಿನಲ್ಲೇ ನಡೆಯಿರಿ, ಬೂಟು ತೊಳೆದರೆ ಹೋಗುತ್ತದೆ.

ಮೊದಲ ಸಲ ಹೋಗುವವರಿಗೆ ಅಕ್ಟೋಬರ್ ಕೊನೆ, ನವೆಂಬರ್ ಒಳ್ಳೆಯದು. ಮಳೆ ಇಳಿದಿರುತ್ತದೆ, ಹುಲ್ಲು ಹಸಿರಿರುತ್ತದೆ, ಹಳ್ಳಗಳು ತುಂಬಿರುತ್ತವೆ. ಹಿಡಿತವಿರುವ ಬೂಟು, ಇಂಬಳಕ್ಕೆ ಉದ್ದ ಸಾಕ್ಸ್, ತುಸು ಉಪ್ಪು, ಮಧ್ಯಾಹ್ನದ ಬುತ್ತಿ, ತುಂಬಿಸಿಕೊಳ್ಳಲು ಒಂದು ಸ್ಟೀಲ್ ಬಾಟ್ಲಿ. ಗೈಡ್ ತಿರುಗಿ ಎಂದ ಹೊತ್ತಿಗೆ, ಶಿಖರ ಎದುರಿಗೇ ಇದ್ದರೂ, ತಿರುಗಬೇಕು. ಸಾಧ್ಯವಾದರೆ ಕಿಚ್ಚಿನ ಭಯಕ್ಕೆ ಚಾರಣ ಮುಚ್ಚುವ ಮೊದಲು, ಜನವರಿಯಲ್ಲಿ ಇನ್ನೊಮ್ಮೆ ಹೋಗಿ. ಹುಲ್ಲು ಹೊಂಬಣ್ಣಕ್ಕೆ ತಿರುಗಿರುತ್ತದೆ. ನವೆಂಬರಿನಲ್ಲಿ ಬೂಟು ಒದ್ದೆ ಮಾಡಿಕೊಂಡು ದಾಟಿದ ಹಳ್ಳಗಳಲ್ಲಿ ಯಾವುವು ಕಲ್ಲಿನಿಂದ ಕಲ್ಲಿಗೆ ಹಾರುವಷ್ಟಕ್ಕೆ ಇಳಿದಿವೆ, ಯಾವುವು ಇನ್ನೂ ಮೊದಲಿನ ಹಾಗೆಯೇ ಇವೆ ಎಂದು ನೋಡಿ. ಇಳಿಯದೆ ಉಳಿದ ಹಳ್ಳದ ಗುಂಟ ಕಣ್ಣು ಮೇಲಕ್ಕೆ ಹಾಯಿಸಿದರೆ ಅದರ ತಲೆಯಲ್ಲಿ ದಟ್ಟ ಶೋಲಾ, ಶೋಲಾದ ಸುತ್ತ ಸುಡದ ಹುಲ್ಲು ಕಾಣುತ್ತದೆ.